ಅತ್ತೆಯ ಅಂಗೈ ಕೆಳಗೆ

ಚನ್ನಬಸವ್ವನವರ ಎಡಗೈ ತಾನಾಗಿ ತೆರೆದುಕೊಳ್ಳುತ್ತಿರಲಿಲ್ಲ. ಸೊಸೆ ರೇಣು ದಿನಾ ಬೆಳಿಗ್ಗೆ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈಯನ್ನು ಮೇಲೆ ಮಾಡಿ, ಅದರ ಕೆಳಗೆ ತನ್ನ ಅಂಗೈ ಕೊಟ್ಟು ಹಿಡಿಯಬೇಕಾಗಿತ್ತು. ಅತ್ತೆಯ ಕೊರಳಿನ ಬೆಳ್ಳಿ ಕರಡಿಗೆಯನ್ನು ತೆರೆದು ಕೊಡಬೇಕಾಗಿತ್ತು. ಆಮೇಲೆ ಅವರು ಬಲಗೈಯಿಂದ ಇಷ್ಟಲಿಂಗವನ್ನು ತೆಗೆದು ಆ ಜೀವವಿಲ್ಲದ ಅಂಗೈಯ ಮೇಲೆ ಕೂರಿಸಿ, ನೀರು ಹನಿಸಿ, ಪತ್ರಿ ಏರಿಸಿ, ಕಣ್ಣು ನೆಟ್ಟು ಕೂರುತ್ತಿದ್ದರು. ಲಕ್ವಾ ಹೊಡೆದು ಎಡಭಾಗ ಬಿದ್ದುಹೋದ ಮೇಲೆ ಮಗ ಶಿವಪ್ರಕಾಶ ಬಲಗೈಯಲ್ಲೇ ಮಾಡಿಕೋ ಎಂದು ಹೇಳಿ ನೋಡಿದ್ದ.

"ಎಡಗೈ ಅಂವನ ಜಾಗಾ. ಬಿಡಿಸಿ ಕಳಸಾಕ ಅಂವ ನಿನ್ನ ಬಾಡಿಗಿ ಮಂದಿ ಅಲ್ಲ" ಎಂದು ಅವರು ಬಾಯಿ ಮುಚ್ಚಿಸಿದ್ದರು.

ಅಂದು ಬೆಳಿಗ್ಗೆ ಪೂಜೆಯ ನಡುವೆ ಅವರು ಕಣ್ಣು ಎತ್ತಿದರು. "ರೇಣು, ಕೈ ಬೆಚ್ಚಗ ಆಗಾಕತ್ತೇದ."

"ಯಾರದ್ರಿ?"

"ನಂದಾ. ಈ ಎಡಗೈ. ನಿನ್ನ ಕೈಯಿಂದ ಬಿಸಿ ಏರಾಕತ್ತೇದ ನೋಡು. ಲಿಂಗಾನೂ ಬೆಚ್ಚಗ ಆಗೇದ."

ಡಾಕ್ಟರು ಸೂಜಿಯಿಂದ ಚುಚ್ಚಿದರೂ ಏನೂ ತಿಳಿಯದಿದ್ದ ಕೈ ಅದು. ಬಿಸಿ ಏರಿದ್ದೇ ನಿಜವಾದರೆ ಎಲ್ಲಿಂದ ಬಂತೆಂದು ರೇಣುವಿಗೆ ಗೊತ್ತಿತ್ತು. ಅತ್ತೆ ಅಂದುಕೊಂಡ ಕಡೆಯಿಂದ ಅಲ್ಲ.

ಅವರದು ಪುಣೆಯ ಹಡಪಸರದಲ್ಲಿ, ಗಾಡೀತಳದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಎರಡನೇ ಮಹಡಿಯ ಮನೆ. ಶಿವಪ್ರಕಾಶ ಗುಲಬರ್ಗಾ ಕಡೆಯ ತೊಗರಿಬೇಳೆಯನ್ನು ಮಾರ್ಕೆಟ್ ಯಾರ್ಡಿನಲ್ಲಿ ಸಗಟಾಗಿ ಮಾರುತ್ತಿದ್ದ. ಬೆಳಿಗ್ಗೆ ಪೂಜೆ ಮುಗಿಸಿ ಹೋದರೆ ರಾತ್ರಿ ಊಟಕ್ಕೆ ಬರುತ್ತಿದ್ದ. ಮಗಳು ಮಾಧುರಿ ಬಾರಾಮತಿಯ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಿದ್ದಳು. ಹಾಗಾಗಿ ಎರಡು ಸಾವಿರದ ಒಂದರ ದೀಪಾವಳಿಯಲ್ಲಿ ಲಕ್ವಾ ಹೊಡೆದಂದಿನಿಂದ ಅತ್ತೆಯನ್ನು ಎಬ್ಬಿಸುವುದು, ಕೂರಿಸುವುದು, ಉಣಿಸುವುದು, ಮೀಯಿಸುವುದು, ಪಾಯಖಾನೆಗೆ ಕರೆದೊಯ್ಯುವುದು ಎಲ್ಲ ರೇಣುವಿನ ಎರಡು ಕೈಗಳಿಗೆ ಬಂದಿತ್ತು.

ತನ್ನ ಆ ಕೈಗಳಿಗೇ ಅವಳು ಹೆದರುತ್ತಿದ್ದಳು.

ಸಂಕ್ರಾಂತಿಯ ಹಿಂದಿನ ದಿನ ಬಚ್ಚಲಿನಲ್ಲಿ ನಡೆದದ್ದು. ಅತ್ತೆ ನೀರು ಸುಡುತ್ತದೆ ಎಂದರು, ತಣ್ಣೀರು ಬೆರೆಸಿದಳು. ಥಂಡಿ ಆಯಿತು ಎಂದರು, ಮತ್ತೆ ಬಿಸಿ ತಂದಳು. "ನಿಮ್ಮವ್ವ ನಿನಗ ನೀರು ಹದಾ ಮಾಡೂದೂ ಕಲಸಿಲ್ಲೇನು?" ಎಂದರು. ಅದು ಹೊಸ ಮಾತೇನಲ್ಲ. ಇಪ್ಪತ್ತು ವರ್ಷ ಕೇಳಿದ ಮಾತು. ಆದರೆ ಅಂದು ರೇಣು ಅತ್ತೆಯ ಎಡ ರಟ್ಟೆಯನ್ನು ಹಿಡಿದು ಸ್ಟೂಲಿನ ಮೇಲೆ ಒತ್ತಿ ಕೂರಿಸಿದಳು. ಹಿಡಿದದ್ದನ್ನು ಬಿಡಲಿಲ್ಲ. ಬೆರಳು ಮಾಂಸದೊಳಗೆ ಇಳಿಯುವುದು ಅವಳಿಗೆ ತಿಳಿಯುತ್ತಿತ್ತು. ತಿಳಿದೂ ಇನ್ನಷ್ಟು ಒತ್ತಿದಳು. ಸಂಜೆಗೆ ಅಲ್ಲಿ ಸಾಲಾಗಿ ನೀಲಿ ಗುರುತು ಎದ್ದವು. ರಾತ್ರಿ ಶಿವಪ್ರಕಾಶ ನೋಡಿ ಕೇಳಿದಾಗ ಅತ್ತೆ ಸೆರಗು ಎಳೆದುಕೊಂಡು, "ಮಂಚದ ಪಟ್ಟಿ ಬಡೀತು" ಎಂದರು. ರೇಣುವಿನ ಕಡೆ ನೋಡಲಿಲ್ಲ. ಅವಳು ಊಟದ ತಾಟು ಎತ್ತಿಕೊಂಡು ಒಳಗೆ ಹೋದಳು. ಗುರುತು ಹಳದಿಯಾಗಿ ಮಾಸಿಹೋದವು. ಮಂಚದ ಪಟ್ಟಿಯ ಮಾತು ಮಾತ್ರ ಮನೆಯಲ್ಲೇ ಉಳಿಯಿತು.

ಅದಾದ ಕೆಲವು ದಿನಕ್ಕೆ ಹಿಟ್ಟಿನ ಗಿರಣಿಯ ಗೋಡೆಗೆ ಅಂಟಿಸಿದ ಮರಾಠಿ ಚೀಟಿ ಅವಳ ಕಣ್ಣಿಗೆ ಬಿತ್ತು. ರೇಕಿ ಕಲಿಸುತ್ತೇವೆ, ಜಪಾನಿನ ಪದ್ಧತಿ, ಕೈಗಳಿಂದ ಶಾಂತಿ. ಆಗ ಪುಣೆಯ ಗಲ್ಲಿಗಲ್ಲಿಯಲ್ಲಿ ಇಂಥ ತರಗತಿಗಳಿದ್ದವು. ರೇಣು ಬೇರೇನನ್ನೂ ಓದಲಿಲ್ಲ. ಕೈಗಳಿಂದ ಎಂಬ ಮಾತಿನ ಮುಂದೆ ಗೋಧಿ ಡಬ್ಬಿ ಹಿಡಿದುಕೊಂಡು ನಿಂತುಬಿಟ್ಟಳು.

ಮನೆಯಲ್ಲಿ ಹೇಳಿದ್ದು ಬೇರೆ. ಗುರುವಾರ ಸಂಜೆ ಲಿಂಗಾಯತ ಸಮಾಜದ ಹಾಲ್‌ನಲ್ಲಿ ಅಕ್ಕನ ಬಳಗದ ಹೆಂಗಸರು ಸೇರಿ ವಚನ ಹಾಡುತ್ತಿದ್ದರು. ಅಲ್ಲಿಗೆ ಹೋಗುತ್ತೇನೆ ಎಂದಳು. ಅತ್ತೆ ಸಂತೋಷದಿಂದ ಒಪ್ಪಿದರು. ಆ ಹೊತ್ತಿಗೆ ಅವರ ಹತ್ತಿರ ಕೂರಲು ಕೆಳಗಿನ ಮನೆಯ ಶಿವಗಂಗವ್ವ ಬರುತ್ತಿದ್ದಳು.

ರೇಕಿಯ ತರಗತಿ ನಡೆಸುತ್ತಿದ್ದ ಇಂದೂಬಾಯಿ ನಿವೃತ್ತ ಶಾಲಾ ಶಿಕ್ಷಕಿ. ಚಾಪೆ ಹಾಸಿದ ಹಜಾರ, ಊದುಬತ್ತಿ, ಗೋಡೆಯ ಮೇಲೆ ಜಪಾನೀ ಅಕ್ಷರದ ಒಂದು ಹಾಳೆ. ಮೊದಲ ದಿನವೇ ಆಕೆ ಒಂದು ಸ್ಟೀಲಿನ ತಾಟು ತಂದು ನಡುವೆ ಇಟ್ಟು, ಬಳೆ, ಸರ, ಗಡಿಯಾರ, ಲೋಹದ್ದೆಲ್ಲ ಇದರಲ್ಲಿ ಇಡಿ ಎಂದರು. ಹೆಂಗಸರು ಕಿಣಿಕಿಣಿ ಎನ್ನಿಸುತ್ತ ತೆಗೆದಿಟ್ಟರು. ರೇಣು ಬಳೆ ತೆಗೆದಳು. ಆಮೇಲೆ ಅವಳ ಕೈ ಕುಪ್ಪಸದೊಳಗಿನ ಕರಡಿಗೆಗೆ ಹೋಗಿ ನಿಂತಿತು.

ಹುಟ್ಟಿದ ಕೂಸಿಗೆ ಕಟ್ಟಿದ ಲಿಂಗ ಸತ್ತ ಮೇಲೂ ಮೈಮೇಲೇ ಇರಬೇಕು. ಅದು ಮೈಬಿಟ್ಟವರನ್ನು ಅವರ ಮನೆಯಲ್ಲಿ ಭವಿ ಎನ್ನುತ್ತಿದ್ದರು, ಬೈಗುಳದ ಹಾಗೆ. ಹೆರಿಗೆಯ ಟೇಬಲಿನ ಮೇಲೂ ನರ್ಸು ತೆಗೆಯಲು ಬಂದಾಗ ರೇಣು ಕೊಟ್ಟಿರಲಿಲ್ಲ. ಇದು ಲೋಹ, ಇದೂ ತೆಗೆಯಬೇಕೇ ಎಂದು ಇಂದೂಬಾಯಿಯನ್ನು ಕೇಳಬಹುದಾಗಿತ್ತು. ಕೇಳಿದರೆ ಇದೇನು ಎಂದು ಎಲ್ಲರೂ ತಿರುಗಿ ನೋಡುತ್ತಾರೆ, ಅಷ್ಟು ಜನ ಮರಾಠಿ ಹೆಂಗಸರ ನಡುವೆ ಮರಾಠಿಯಲ್ಲಿ ಅದನ್ನೆಲ್ಲ ಬಿಡಿಸಿ ಹೇಳಬೇಕು. ತೆಗೆಯದಿದ್ದರೆ ರೇಕಿ ತನಗೆ ಹತ್ತದೇ ಹೋದೀತು ಎಂಬ ಭಯ ಬೇರೆ. ಗೋಡೆಗೆ ತಿರುಗಿ ಶಿವದಾರವನ್ನು ತಲೆಯ ಮೇಲಿಂದ ದಾಟಿಸಿ, ಕರಡಿಗೆಯನ್ನು ಕರವಸ್ತ್ರದಲ್ಲಿ ಸುತ್ತಿ, ಕೈಚೀಲದ ತಳದಲ್ಲಿ ಚಿಲ್ಲರೆ ಮತ್ತು ಮನೆ ಕೀಲಿಯ ಜೊತೆ ಇಟ್ಟಳು. ಅಂದಿನಿಂದ ಪ್ರತಿ ಗುರುವಾರ ಹಾಗೇ.

ರೇಕಿ ಅವಳಿಗೆ ಹತ್ತಿತು. ಕಣ್ಣು ಮುಚ್ಚಿ, ಅಂಗೈಗಳನ್ನು ಮೊದಲು ಕಣ್ಣ ಮೇಲೆ, ಆಮೇಲೆ ಎದೆಯ ಮೇಲೆ, ಹೊಟ್ಟೆಯ ಮೇಲೆ ಇಟ್ಟು, ಏನನ್ನೂ ಮಾಡದೆ ಸುಮ್ಮನೆ ಇಟ್ಟುಕೊಳ್ಳುವುದು. ಇವತ್ತಿನ ಮಟ್ಟಿಗೆ ಸಿಟ್ಟಾಗುವುದಿಲ್ಲ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುವುದು. ನಾಳೆಯದು ನಾಳೆಗೆ, ಆಣೆ ಪ್ರಮಾಣ ಏನೂ ಬೇಡ ಎನ್ನುತ್ತಿದ್ದರು ಇಂದೂಬಾಯಿ. ಮದುವೆಯಾದ ಮೇಲೆ ತನ್ನ ಕೈಯನ್ನು ಏನನ್ನೂ ತೊಳೆಯದೆ, ಎತ್ತದೆ, ಹಿಂಡದೆ ಹೀಗೆ ಇಟ್ಟುಕೊಂಡದ್ದು ರೇಣುವಿಗೆ ನೆನಪಿರಲಿಲ್ಲ. ಅಂಗೈ ಬಿಸಿಯಾಗುತ್ತಿತ್ತು. ಒಂದು ದಿನ ಅದೇ ಬಿಸಿ ಕಣ್ಣೀರಾಗಿ ಕಿವಿಯ ತನಕ ಹರಿಯಿತು.

ಮನೆಯಲ್ಲಿ ಅವಳಿಗೆ ನಿದ್ದೆ ಬರತೊಡಗಿತು. ಅತ್ತೆ ಕೊಂಕು ಆಡಿದರೆ ಮಾತು ಬಂದು ತಾಕಿ ಕೆಳಗೆ ಬೀಳುತ್ತಿತ್ತು. ಬಚ್ಚಲಿನಲ್ಲಿ ಕೈಗಳು ಮೆತ್ತಗಿದ್ದವು. ಅದನ್ನು ಮೊದಲು ಗಮನಿಸಿದವರು ಅತ್ತೆಯೇ.

"ನೋಡ ಶಿವಗಂಗಿ, ಅಕ್ಕನ ಬಳಗಕ್ಕ ಹೊಂಟ ಮ್ಯಾಲ ನಮ್ಮ ರೇಣು ಹೆಂಗ ತಣ್ಣಗ ಆಗ್ಯಾಳ!"

"ಹೌದ್ರಿ ಕಾಕು. ನಮ್ಮ ಮನಿಯವರನ್ನೂ ಒಂದೀಟು ಕರಕೊಂಡ ಹೋಗ್ರಿ ವೈನಿ" ಎಂದು ಶಿವಗಂಗವ್ವ ನಕ್ಕಳು. "ಗಂಡಸರನ್ನ ಸೇರಸ್ತಾರೇನು?"

"ನಿನ್ನ ಗಂಡ ವಚನಾ ಹಾಡಿದ್ರ ಕುಂತ ಮಂದಿ ಎದ್ದ ಓಡ್ತಾರ" ಎಂದರು ಅತ್ತೆ. ಇಬ್ಬರೂ ನಕ್ಕರು. ರೇಣುವೂ ನಕ್ಕಳು. ನಗುವಾಗ ಕುಪ್ಪಸದೊಳಗಿನ ಕರಡಿಗೆ ಎದೆಗೆ ಒತ್ತಿತು.

ಆಮೇಲೆ ಆ ಬೆಳಿಗ್ಗೆ ಬಂತು, ಕೈ ಬೆಚ್ಚಗಾಯಿತೆಂಬ ಮಾತು ಬಂತು. ಅತ್ತೆ ಅದನ್ನು ಮಗನಿಗೆ ಹೇಳಿದರು, ಶಿವಗಂಗವ್ವನಿಗೆ ಹೇಳಿದರು, ಫೋನಿನಲ್ಲಿ ಆಳಂದದ ತಂಗಿಗೆ ಕೂಗಿ ಹೇಳಿದರು. "ಭಾಳ ಶಕ್ತಿ ಅದ ನಮ್ಮ ಸೊಸಿ ಕೈಯಾಗ. ಲಿಂಗಾ ಒಲದಾನ ಆಕಿಗೆ." ಶಿವಗಂಗವ್ವ ಒಂದು ಸಲ ಮೊಳಕಾಲು ನೋವು, ನೀವೇ ಕೈ ಇಡಿ ಎಂದು ರೇಣುವಿನ ಮುಂದೆ ಕಾಲು ಚಾಚಿ ಕೂತಳು. ರೇಣುವಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬೆಳಿಗ್ಗೆ ಅಂಗೈ ಕೊಟ್ಟು ಹಿಡಿದಾಗಲೆಲ್ಲ ತಾನು ಆ ಲಿಂಗದ ಕೆಳಗೆ ಕೂತು ಕದ್ದು ಉಣ್ಣುತ್ತಿರುವ ಹಾಗೆ ಅನ್ನಿಸುತ್ತಿತ್ತು. ಆದರೂ ಗುರುವಾರ ಬಿಡಲಾಗಲಿಲ್ಲ. ಬಿಟ್ಟರೆ ಕೈಗಳು ಮತ್ತೆ ಹಳೆಯವೇ ಆದರೆ?

ಕೈಕಾಲಿಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿಯನ್ನು ಅತ್ತೆ ಬಾಗಿಲಿನಿಂದಲೇ ತಿರುಗಿಸಿ ಕಳಿಸಿದಾಗ ಅವಳಿಗೆ ನಿಜವಾಗಿ ಭಯವಾಯಿತು. "ಜಗ್ಗಿ ಜಗ್ಗಿ ಭುಜಾ ಕೀಳ್ತಾಳ. ನನಗ ನಿನ್ನ ಕೈ ಸಾಕು" ಎಂದರು. ಮರುವಾರ ರಕ್ತದೊತ್ತಡ ನೋಡಿದ ಡಾಕ್ಟರು ಹುಬ್ಬು ಗಂಟಿಕ್ಕಿ, ಗುಳಿಗೆ ಸರಿಯಾಗಿ ಕೊಡುತ್ತಿದ್ದೀರಾ, ಇನ್ನೊಂದು ಸಲ ಲಕ್ವಾ ಹೊಡೆದರೆ ಉಳಿಯುವುದಿಲ್ಲ ಎಂದು ರೇಣುವನ್ನೇ ಗದರಿಸಿದರು. ಮನೆಗೆ ಬಂದು ಗಾದಿ ಎತ್ತಿದರೆ ಕೆಳಗೆ ಬಿಳಿ ಗುಳಿಗೆಗಳು, ಕೆಲವು ಒತ್ತಿ ಪುಡಿಯಾಗಿದ್ದವು.

"ಗುಳಿಗಿ ಯಾಕ? ನಿನ್ನ ಕೈ ಸಾಕು ಅಂದಿಲ್ಲೇನು" ಎಂದರು ಅತ್ತೆ.

ಶಿವಪ್ರಕಾಶ ಹೆಂಡತಿಯನ್ನು ಅಡಿಗೆಮನೆಗೆ ಕರೆದ. "ನಾ ಹೇಳಿದ್ರ ಕೇಳಂಗಿಲ್ಲ. ನಿನ್ನ ಮಾತಿಗೆ ಈಗ ಭಾಳ ತೂಕ ಅದ. ನೀನಾ ಹೇಳು."

ಆ ಗುರುವಾರ ಅವಳು ಬೇಗ ಹೋದಳು. ಸಿಕ್ಸ್ ಸೀಟರ್ ರಿಕ್ಷಾದಲ್ಲಿ ಒಂಬತ್ತು ಜನರ ನಡುವೆ ಒತ್ತಿ ಕೂತು, ಇಂದೂಬಾಯಿಯ ಮುಂದೆ ಎಲ್ಲವನ್ನೂ ಹೇಗೆ ಹೇಳಬೇಕೆಂದು ಮರಾಠಿಯಲ್ಲಿ ಜೋಡಿಸಿಕೊಂಡಳು. ಆಕೆ ಚಹಾ ಕುಡಿಯುತ್ತ ಕೇಳಿದರು. ಮೊದಲು ಗುಳಿಗೆಯ ಮಾತಿಗೇ ಬೆಚ್ಚಿದರು. ಕೈ ಇಡುವುದು ಮನಸ್ಸಿನ ನೆಮ್ಮದಿಗೆ, ಔಷಧಿ ಬಿಡಲು ನಾನು ಯಾವತ್ತೂ ಹೇಳಿಲ್ಲ, ಇವತ್ತೇ ಹೋಗಿ ಕೊಡು ಎಂದರು. ಆಮೇಲೆ ರೇಣು ಕರಡಿಗೆ ಹೊರತೆಗೆದು, ಪ್ರತಿ ಸಲ ಇದನ್ನು ಕರವಸ್ತ್ರದಲ್ಲಿ ಸುತ್ತಿ ಚೀಲದಲ್ಲಿಡುತ್ತಿದ್ದೆ ಎಂದು ತೋರಿಸಿದಳು.

"ದೇವ ಕಾಢಾಯಲಾ ಕೋಣೀ ಸಾಂಗಿತಲಂ ತುಲಾ?" ದೇವರನ್ನು ತೆಗೆದಿಡು ಎಂದು ನಿನಗೆ ಯಾರು ಹೇಳಿದರು ಎಂದು ಆಕೆ ಕೇಳಿದರು. ಬಳೆ ಸದ್ದು ಮಾಡುತ್ತವೆ, ಮಲಗಿದವರ ಮುಖಕ್ಕೆ ತಾಕುತ್ತವೆ, ಅದಕ್ಕೆ ತೆಗೆಯಲು ಹೇಳುವುದು, ಅಷ್ಟೇ. ಇನ್ನೊಬ್ಬಾಕೆ ತುಳಸಿಮಾಲೆ ಹಾಕಿಕೊಂಡೇ ಕೂರುತ್ತಾಳಲ್ಲ, ನೋಡಿಲ್ಲವೇ?

ನೋಡಿರಲಿಲ್ಲ. ಕಣ್ಣು ಮುಚ್ಚಿಕೊಂಡಿರುತ್ತಿದ್ದಳು. ಯಾರೂ ಕೇಳದ್ದನ್ನು ತಾನಾಗಿ ಬಿಚ್ಚಿಟ್ಟಿದ್ದಳು, ಒಂದು ಮಾತು ಕೇಳುವ ನಾಚಿಕೆಗೆ. ಅಂದು ತರಗತಿಗೆ ಕೂರದೆ ಮನೆಗೆ ಬಂದಳು.

ಶಿವಗಂಗವ್ವ ಕೆಳಗೆ ಹೋದ ಮೇಲೆ ಅತ್ತೆಯ ಮಂಚದ ಪಕ್ಕ ಕೂತು ಹೇಳಿದಳು. "ಅತ್ತ್ಯಾರ, ನಾ ಅಕ್ಕನ ಬಳಗಕ್ಕ ಹೋಗಾಕತ್ತಿಲ್ರಿ. ಒಂದು ದಿನಾನೂ ಹೋಗಿಲ್ಲ. ಜಪಾನದ್ದೊಂದು ವಿದ್ಯಾ ಅದ, ರೇಕಿ ಅಂತಾರ. ಅದನ್ನ ಕಲಿಯಾಕತ್ತೀನಿ. ಕೈ ಬಿಸಿ ಆಗೂದು ಅದರಿಂದ."

"ಜಪಾನದ್ದಾ?" ಅತ್ತೆಯ ಬಾಯಿಯ ಒಂದು ಮೂಲೆ ಏರಿತು. "ಜಪಾನದವರ ರೇಡಿಯೋ ಚಲೋ ಇರ್ತಾವಂತ ನಿಮ್ಮ ಮಾವ ಅಂತಿದ್ರು. ಕೈನೂ ಬಿಸಿ ಮಾಡ್ತಾರೇನು?"

ರೇಣುವಿಗೆ ಅಲ್ಲಿಗೇ ನಿಲ್ಲಿಸಿಬಿಡಬೇಕೆನಿಸಿತು. ನಿಲ್ಲಿಸಲಿಲ್ಲ. "ಅಲ್ಲಿ ಕುಂಡ್ರುವಾಗ ಲಿಂಗಾ ತಗದಿಡ್ತಿದ್ದೆ."

"ಎಲ್ಲಿ?"

"ಚೀಲದಾಗ."

ಬಾಯಿಯ ಮೂಲೆ ಇಳಿಯಿತು. ಅತ್ತೆ ಬಲಗೈಯಿಂದ ತಮ್ಮ ಕರಡಿಗೆಯನ್ನು ಹಿಡಿದುಕೊಂಡರು. "ಭವಿ ಹಂಗ ಕುಂತಿದ್ದಿ" ಎಂದರು. "ಅದಾ ಕೈ ನನ್ನ ಲಿಂಗದ ಕೆಳಗ ಕೊಟ್ಟಿದ್ದಿ."

"ತಪ್ಪಾತ್ರಿ. ಗುಳಿಗಿ ಮಾತ್ರ ಬಿಡಬ್ಯಾಡ್ರಿ. ನನ್ನ ಕೈಯಾಗ ಏನೂ ಇಲ್ಲ."

"ತಾ ಇಲ್ಲಿ." ಅವಳು ಕೊಟ್ಟ ಗುಳಿಗೆಯನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದರು. "ನಾಳಿಂದ ಶಿವಪ್ರಕಾಶಗ ಹೇಳು, ಪೂಜಾಕ್ಕ ಕೈ ಹಿಡ್ಯಾಕ."

ಮರುದಿನದಿಂದ ರೇಣು ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ದೇವರ ಕೋಣೆಯ ಸದ್ದು ಕೇಳುತ್ತಿದ್ದಳು. "ಅಲುಗಾಡಬ್ಯಾಡೋ. ಬ್ಯಾಳಿ ಚೀಲ ಹಿಡದಂಗ ಹಿಡೀಬ್ಯಾಡ." "ಫೋನ್ ಬಂದದ ಅವ್ವಾ." "ಬರವಲ್ದಾಕ. ಅಂವಗಿಂತ ದೊಡ್ಡಾಂವ ಇಲ್ಲಿ ಕುಂತಾನ." ಅವಳು ತನ್ನ ಕರಡಿಗೆಯನ್ನು ಸೆರಗಿನೊಳಗೆ ಒತ್ತಿ ಹಿಡಿಯುತ್ತಿದ್ದಳು. ಶಿಕ್ಷೆ ಸರಿಯಾಗಿಯೇ ಬಂದಿದೆ ಅನ್ನಿಸುತ್ತಿತ್ತು. ಹೇಳಿದ್ದಾಯಿತು, ಇನ್ನು ಹಗುರಾಗಬೇಕು ಎಂದು ಕಾದಳು. ಹಗುರಾಗಲಿಲ್ಲ.

ವಾರದ ಕೊನೆಗೆ, ಅತ್ತೆ ಬಾಯಿ ಮುಕ್ಕಳಿಸಿದ ಬೋಗುಣಿಯನ್ನು ತೊಳೆಯಲು ಒಯ್ದಾಗ ತಳದಲ್ಲಿ ಬಿಳಿ ಗುಳಿಗೆ ಕಂಡಿತು. ಅರ್ಧ ಕರಗಿತ್ತು.

ಅವಳು ಅತ್ತೆಯನ್ನು ಎಬ್ಬಿಸಿ ಬಚ್ಚಲಿಗೆ ಕರೆದೊಯ್ದಳು. ಸ್ಟೂಲಿನ ಮೇಲೆ ಕೂರಿಸಿ, ನೀರು ಹದ ಮಾಡಿ, ಬೆನ್ನಿಗೆ ಹಾಕಿದಳು.

"ಗುಳಿಗಿ ಯಾಕ ಉಗುಳಾಕತ್ತೀರಿ? ನನ್ನ ಮ್ಯಾಲಿನ ಸಿಟ್ಟಿಗಾ?"

"ನಿನ್ನ ಮ್ಯಾಲ ಸಿಟ್ಟು ಬಂದ್ರ ನಾ ಯಾಕ ಸಾಯ್ಲಿ?"

"ಮತ್ತ?"

ರೇಣು ಅವರ ಎಡ ರಟ್ಟೆಗೆ ಸಾಬೂನು ಹಚ್ಚಲು ಕೈ ಚಾಚಿದಳು. ಚಾಚಿದೊಡನೆ ಅತ್ತೆಯ ಬಲಗೈ ಅಡ್ಡ ಬಂದು ಆ ರಟ್ಟೆಯನ್ನು ಮುಚ್ಚಿತು. ಮರುಕ್ಷಣ ತಾನಾಗಿ ಸರಿಯಿತು, ಏನೂ ಆಗದ ಹಾಗೆ. ಮೊದಲೂ ಹೀಗೆ ಆಗುತ್ತಿತ್ತೋ ಏನೋ. ರೇಣು ನೋಡಿರಲಿಲ್ಲ.

ಅವಳು ಸಾಬೂನು ಕೆಳಗಿಟ್ಟಳು. "ಅತ್ತ್ಯಾರ, ಅವತ್ತ ಇಲ್ಲೇ... ನಾ ನಿಮ್ಮ ರಟ್ಟಿ ಹಿಡದಿದ್ದೆ. ಕೈ ಜಾರಿ ಅಲ್ಲ. ಬೇಕಂತ ಹಿಡದಿದ್ದೆ. ನೋಯ್ಲಿ ಅಂತ."

ಅತ್ತೆ ಬಲಗೈ ಚಾಚಿ ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಬಿಗಿ ಮಾಡಿದರು.

"ನೋಯಲಿಲ್ಲ" ಎಂದರು. "ಈ ಕಡೀ ಏನೂ ತಿಳಿಯಂಗಿಲ್ಲಲ್ಲ. ನಿನ್ನ ಮಾರಿ ನೋಡಿದೆ, ಅಷ್ಟ."

ರೇಣು ನೆಲದ ಮೇಲೆ ಕೂತುಬಿಟ್ಟಳು. ಸೀರೆ ನೆನೆಯಿತು.

"ಏನೂ ತಿಳಿಯಂಗಿಲ್ಲ ಅಂದ್ರ... ಮತ್ತ ಆ ಬಿಸಿ?"

"ಬಿಸಿ ಗಿಸಿ ಏನಿರಲಿಲ್ಲವಾ. ಎಂದೂ ಹತ್ತಿಲ್ಲ. ಹಂಗ ಅಂದ್ರ ನೀ ಇನ್ನೂ ಮೆತ್ತಗ ಹಿಡೀತೀ ಅಂತ ಅಂದೆ. ಹಿಡದಿ." ಅತ್ತೆ ಉಸಿರು ಎಳೆದುಕೊಂಡರು. "ಲಿಂಗದ ಹೆಸರಿನ್ಯಾಗ ನಾನೂ ಸುಳ್ಳು ಹೇಳೀನಿ. ನಿನಗ ಭವಿ ಅಂದದ್ದು ನನಗೂ ಹತ್ತತದ."

"ಗುಳಿಗಿ?"

"ಆ ಬಿಳೀ ಗುಳಿಗಿ ತಗೊಂಡ್ರ ಗಳಿಗಿಗೊಮ್ಮೆ ಒಂದಕ್ಕ ಬರ್ತದ. ಬಂದಾಗೊಮ್ಮೆ ನಿನ್ನ ಕರೀಬೇಕು. ಕೆಲಸದಾಗ ಇರ್ತೀ, ಕಣ್ಣು ಕೆಂಪಗ ಮಾಡಕೊಂಡ ಬರ್ತಿದ್ದಿ ಮೊದಲ. ಕರಿಯೂದು ಕಡಿಮಿ ಆದ್ರ ಚಲೋ ಅಂತ ಬಿಟ್ಟೆ." ಅವರ ದನಿ ಇಳಿಯಿತು. "ಈಗ ನೀ ಬದಲಾಗೀದಿ, ಖರೇ. ಆದ್ರ ನನ್ನ ಅಂಜಿಕಿ ಇನ್ನೂ ಹೋಗಿಲ್ಲ. ಏನ್ ಮಾಡ್ಲಿ?"

ಎಷ್ಟೋ ಗುರುವಾರಗಳ ಶಾಂತಿ ರೇಣುವಿನ ಕಣ್ಣ ಮುಂದೆ ಬಂದಿತು. ತನ್ನ ನಿದ್ದೆ, ತನ್ನ ಉಸಿರು, ತನ್ನ ಬಿಸಿ ಅಂಗೈ. ಅಷ್ಟು ದಿನವೂ ಪಕ್ಕದ ಮಂಚದಲ್ಲಿ ಈ ಹೆಣ್ಣುಮಗಳು ಒಂದಕ್ಕೆ ತಡೆದುಕೊಂಡು ಮಲಗಿದ್ದಳು. ಅಂಜಬೇಡಿ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಆ ಮಾತು ಹೇಳುವ ಹಕ್ಕು ಆ ಕೈಗಳಿಗೆ ಇರಲಿಲ್ಲ. ಎದ್ದು ನಿಂತಳು. ಬಾಗಿಲ ಕಡೆ ತಿರುಗದೆ ತಂಬಿಗೆಯನ್ನು ಕೈಗೆತ್ತಿಕೊಂಡಳು. ಕಲಿತದ್ದರಲ್ಲಿ ಇಷ್ಟಾದರೂ ಉಳಿದಿದೆ ಎಂದುಕೊಂಡಳು. ತಪ್ಪನ್ನು ಹೊತ್ತುಕೊಂಡು ಓಡದೆ ನಿಲ್ಲುವಷ್ಟು.

"ನೀರು ಸಾಕೇನ್ರಿ?"

"ಇನ್ನೊಂದು ತಂಬಿಗಿ ಹಾಕು."

ರಟ್ಟೆಗೆ ಅವಳು ಕೈ ಮುಟ್ಟಿಸಲಿಲ್ಲ. ಸಾಬೂನನ್ನು ಅತ್ತೆಯ ಬಲಗೈಗೆ ಕೊಟ್ಟಳು. ಅವರೇ ಹಚ್ಚಿಕೊಂಡರು, ನಿಧಾನವಾಗಿ. ಅವಳು ನೀರು ಮಾತ್ರ ಹಾಕಿದಳು.

ಮೈ ಒರೆಸಿ, ಸೀರೆ ಉಡಿಸಿ, ಮಂಚಕ್ಕೆ ತಂದು ಕೂರಿಸಿ ಗುಳಿಗೆ ಕೊಟ್ಟಳು. ಅತ್ತೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದರು, ಆಮೇಲೆ ನುಂಗಿ ಬಾಯಿ ತೆರೆದು ತೋರಿಸಿದರು, ಸಣ್ಣ ಹುಡುಗಿಯ ಹಾಗೆ. ರೇಣು ನಗಲಿಲ್ಲ. ಅಡಿಗೆಮನೆಗೆ ಹೋಗಿ, ಹೆಸರುಕಾಳು ತುಂಬಿದ ಮೊರ ತಂದು, ಬಾಗಿಲ ಹತ್ತಿರ ಅತ್ತೆಗೆ ಕಾಣುವ ಹಾಗೆ ಕೂತು ಕಲ್ಲು ಆರಿಸತೊಡಗಿದಳು.

ಸ್ವಲ್ಪ ಹೊತ್ತಿಗೆ ಮಂಚ ಕಿರುಗುಟ್ಟಿತು. ಅತ್ತೆ ಮಗ್ಗಲು ಬದಲಿಸಿದರು. ಮತ್ತೆ ಬದಲಿಸಿದರು. ರೇಣು ತಲೆ ಎತ್ತಲಿಲ್ಲ. ತಾನಾಗಿ ಎದ್ದು ಹೋಗಬಾರದು, ಅವರೇ ಕರೆಯಬೇಕು ಎಂದು ಕಾಳಿನಲ್ಲಿ ಬೆರಳು ಆಡಿಸುತ್ತ ಕೂತಳು.

"ರೇಣು" ಎಂದರು ಅತ್ತೆ. ಕೇಳಿದರೂ ಕೇಳದ ಹಾಗಿನ ದನಿ.

ಮೊರ ಇಟ್ಟು ಎದ್ದಳು. ಕರೆದೊಯ್ದಳು, ಕರೆತಂದಳು, ಕಾಲ ಮೇಲೆ ಹೊದಿಕೆ ಎಳೆದಳು. ಅತ್ತೆ ಅಷ್ಟೂ ಹೊತ್ತು ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ನೋಡಗೊಟ್ಟಳು.

ಮತ್ತೆ ಕಾಳಿನ ಮುಂದೆ ಕೂತು ಒಂದು ಹಿಡಿ ಆರಿಸುವುದರೊಳಗೆ ಇನ್ನೊಂದು ಸಲ ಕರೆದರು. ಈ ಸಲ ದನಿ ತುಸು ದೊಡ್ಡದಾಗಿತ್ತು.